ಕಾಲು ಮೈಲಿ ಮುಗಿದ ಮೇಲಿನ ರಸ್ತೆ

ಬೈಕ್ ಓಟದ ಜಾಗ ತೋರಿಸುತ್ತೇನೆಂದು ಸಂಘಟಕರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಸಂಡೂರಿನ ಕಡೆ ಹೊರಟಾಗ ದಾರಿಯುದ್ದಕ್ಕೂ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲಿ ಬಹಳಷ್ಟು ಅವರವೇ. ಗುಡ್ಡದಿಂದ ಅದಿರು ಇಳಿಸಿ ರೈಲಿಗೆ ತುಂಬಿಸುವ ಗುತ್ತಿಗೆ ಹಿಡಿದು ನಾಲ್ಕೇ ವರ್ಷದಲ್ಲಿ ಊರಿನ ದೊಡ್ಡ ಮನುಷ್ಯರಾದವರು, ಎಲ್ಲರ ಬಾಯಲ್ಲೂ ಸಾವುಕಾರರು. ಜೀಪು ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿ ಹೊಸ ಡಾಂಬರಿನ ಮೇಲೆ ನಿಂತಿತು. ಲಾರಿಗಳಿಗಾಗಿ ಅವರು ಸ್ವಂತ ಖರ್ಚಿನಲ್ಲಿ ಹಾಕಿಸಿದ ರಸ್ತೆ ಅದು. ಅದರ ಒಂದು ತುದಿಯಲ್ಲಿ ಅದಿರು ಒಟ್ಟಲು ಮಾಡಿದ್ದ ಯಾರ್ಡ್ ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ರಸ್ತೆ ಖಾಲಿಯಿತ್ತು.

"ಹೆಂಗೈತ್ರಿ ಸರ? ಇಲ್ಲಿಂದ ಅಲ್ಲೀತನಕ ಒಂದ್ ಗುಂಡಿ ಇಲ್ಲ. ಇಮಾನ ಇಳಿಸಬಹುದು," ಎಂದರು.

"ಓಡಾಕ ಸಾಕು ಸಾವ್ಕಾರ್ರ. ನಿಲ್ಲಾಕ?"

"ಬ್ರೇಕ್ ಹಿಡಿದ್ರ ನಿಲ್ತೈತಿ. ಅದರಾಗೇನೈತಿ?"

ಡ್ರ್ಯಾಗ್ ರೇಸ್ ನೋಡುವವರಿಗೆ ಬಹಳ ಸರಳವಾದ ಆಟ. ಎರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಬಿದ್ದ ಕೂಡಲೇ ನೇರವಾಗಿ ಕಾಲು ಮೈಲಿ ಹಾರುತ್ತವೆ, ಮೊದಲು ಗೆರೆ ದಾಟಿದವನು ಗೆದ್ದ. ತಿರುವಿಲ್ಲ, ಸುತ್ತಿಲ್ಲ. ಆದರೆ ಗೆರೆ ದಾಟುವ ಹೊತ್ತಿಗೆ ಗಾಡಿ ತನ್ನ ಪೂರ್ತಿ ವೇಗದಲ್ಲಿರುತ್ತದೆ. ಅಲ್ಲಿಂದ ಮುಂದೆ ಅದು ನಿಲ್ಲಲು ಓಡಿದ್ದಕ್ಕಿಂತ ಹೆಚ್ಚು ರಸ್ತೆ ಬೇಕು. ಆ ರಸ್ತೆ ಒಣಗಿರಬೇಕು, ಸ್ವಚ್ಛವಿರಬೇಕು, ಕೊನೆಯಲ್ಲಿ ಗೋಡೆಯೋ ಗುಂಡಿಯೋ ಇರಬಾರದು. ಸಾವುಕಾರರು ತೋರಿಸಿದ ರಸ್ತೆಯ ಕೊನೆಯಲ್ಲಿ ಒಂದು ಮೋರಿ, ಅದರಾಚೆ ಲಾರಿಗಳು ಓಡಾಡುವ ಅಡ್ಡರಸ್ತೆ ಇತ್ತು.

ನಾನು ಆಗ ಹೊಸಪೇಟೆಯ ಒಂದು ಬೈಕ್ ಶೋರೂಮಿನ ವರ್ಕ್‌ಶಾಪ್ ಸೂಪರ್‌ವೈಸರ್. ಹಿಂದೆ ಮದ್ರಾಸಿನಲ್ಲಿದ್ದಾಗ ರಜೆಯ ದಿನಗಳಲ್ಲಿ ಅಲ್ಲಿನ ರೇಸ್ ಟ್ರ್ಯಾಕಿಗೆ ಹೋಗಿ ಗಾಡಿ ತಪಾಸಣೆ ಮಾಡುವವರ ಜೊತೆ ದುಡಿದಿದ್ದೆ. ಅದು ಹೇಗೋ ಗೊತ್ತಾಗಿ ಸಾವುಕಾರರು ಓಟದ ತಪಾಸಣೆಗೆ ನನ್ನನ್ನು ಹಿಡಿದಿದ್ದರು. ನಾನು ಒಪ್ಪಲು ಕಾರಣವೂ ಇತ್ತು. ಅದಿರಿನ ದುಡ್ಡು ಬಂದ ಮೇಲೆ ಊರಿನ ಹುಡುಗರ ಕೈಗೆ ದೊಡ್ಡ ದೊಡ್ಡ ಬೈಕುಗಳು ಬಂದಿದ್ದವು. ಭಾನುವಾರ ಬೆಳಿಗ್ಗೆ ಮಲಪನಗುಡಿ ದಾಟಿ ಹಂಪಿ ಕಡೆ ಹೋಗುವ ರಸ್ತೆಯಲ್ಲಿ ಪೈಪೋಟಿಗೆ ಬಿದ್ದು ಓಡಿಸುತ್ತಿದ್ದರು. ಹೊಲಕ್ಕೆ ಹೊರಟಿದ್ದ ಒಬ್ಬ ಹೆಣ್ಣುಮಗಳಿಗೆ ಗುದ್ದಿದ್ದರು, ಆಕೆ ಇನ್ನೂ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಓಡಿಸುವುದನ್ನು ಯಾರೂ ಬಿಡುವುದಿಲ್ಲ, ಕನಿಷ್ಠ ಬೇಲಿಯೊಳಗಾದರೂ ಓಡಿಸಲಿ ಎಂಬುದು ನನ್ನ ಲೆಕ್ಕ.

"ಓಟ ಶುರು ಆಗೋ ಗೆರಿ ಹಿಂದಕ್ ಸರಿಸಬೇಕು," ಎಂದೆ. ಹಿಂದೆ ಅದಿರಿನ ದೊಡ್ಡ ರಾಶಿಯೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಸಾವುಕಾರರು ಅದನ್ನು ನೋಡಿದರು, ನನ್ನನ್ನು ನೋಡಿದರು, ಫೋನ್ ತೆಗೆದರು. ವಾರ ಕಳೆದು ಹೋದಾಗ ಅಲ್ಲಿ ರಾಶಿಯೂ ಇರಲಿಲ್ಲ, ಕಲ್ಲೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆವತ್ತು ನನಗೆ ಅವರ ಮೇಲೆ ಗೌರವ ಹುಟ್ಟಿತು.

ನಿಯಮಗಳನ್ನು ನಾನು ಕನ್ನಡದಲ್ಲೇ ಬರೆದೆ. ಇಂಗ್ಲಿಷಿನ ನಿಯಮ ಕೊಟ್ಟರೆ ಯಾರೂ ಓದದೆ ಸಹಿ ಹಾಕುತ್ತಾರೆಂದು ಗೊತ್ತಿತ್ತು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕು, ಪಟ್ಟಿ ಎಳೆದರೆ ಕಳಚಬಾರದು. ಚರ್ಮದ ಜಾಕೆಟ್, ಕೈಗವಸು, ಕಾಲಿನ ಗಿಣ್ಣು ಮುಚ್ಚುವ ಬೂಟು ಬೇಕು. ಆಕ್ಸಿಲರೇಟರಿನಿಂದ ಕೈ ತೆಗೆದ ಕ್ಷಣ ಅದು ತಾನಾಗಿ ಮುಚ್ಚಬೇಕು. ಆಯಿಲ್ ಇಳಿಸುವ ಬೋಲ್ಟ್ ಸಡಿಲವಾಗದಂತೆ ತಂತಿ ಬಿಗಿದಿರಬೇಕು, ಏಕೆಂದರೆ ರಸ್ತೆಗೆ ಚೆಲ್ಲಿದ ಒಂದು ಲೋಟ ಆಯಿಲ್ ಮುಂದಿನವನನ್ನು ಕೊಲ್ಲುತ್ತದೆ. ಚೈನಿಗೆ ಕವಚ ಇರಲೇಬೇಕು. ಎಲ್ಲಕ್ಕಿಂತ ಮುಖ್ಯವಾದುದು ಎಂಜಿನ್ ಆರಿಸುವ ದಾರ: ಒಂದು ತುದಿ ಸವಾರನ ಮಣಿಕಟ್ಟಿಗೆ, ಇನ್ನೊಂದು ಸ್ವಿಚ್ಚಿಗೆ. ಅವನು ಬಿದ್ದರೆ ದಾರ ಕಿತ್ತುಬಂದು ಎಂಜಿನ್ ಆರುತ್ತದೆ. ಇಲ್ಲದಿದ್ದರೆ ಬಿದ್ದವನ ಮೇಲೆ ಗಾಡಿಯ ಚಕ್ರ ಗಿರಗಿರನೆ ತಿರುಗುತ್ತಲೇ ಇರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೆ.

ಇವು ಸವಾರರಿಗೆ. ಓಟ ನಡೆಸುವವರಿಗೂ ಬರೆದೆ: ನಿಲ್ಲುವ ಹಾದಿ ಸ್ವಚ್ಛವಿಲ್ಲದಿದ್ದರೆ ಓಟ ಇಲ್ಲ. ಆಂಬುಲೆನ್ಸ್ ಜಾಗದಲ್ಲಿಲ್ಲದಿದ್ದರೆ ಓಟ ಇಲ್ಲ. ಸಾವುಕಾರರು ಗಟ್ಟಿಯಾಗಿ ಓದಿಸಿ ಕೇಳಿದರು. "ಬರೋಬ್ಬರಿ ಐತಿ. ರೂಲ್ ಅಂದ್ರ ರೂಲ್," ಎಂದು ಮೇಜು ಬಡಿದರು.

ತಪಾಸಣೆಯನ್ನು ಓಟಕ್ಕೆ ಮೊದಲೇ ಎರಡು ಭಾನುವಾರ ಇಟ್ಟುಕೊಂಡಿದ್ದೆ, ತಿರಸ್ಕಾರವಾದವರಿಗೆ ಸರಿಮಾಡಿಕೊಂಡು ಬರಲು ಅವಕಾಶವಿರಲೆಂದು. ಮೊದಲ ಭಾನುವಾರ ಬಂದವರಲ್ಲಿ ಹೆಚ್ಚಿನವರನ್ನು ವಾಪಸ್ ಕಳಿಸಿದೆ. ಅವರಲ್ಲಿ ಗಟ್ಟಿಯಾಗಿ ಜಗಳ ತೆಗೆದವನು ಕಂಪ್ಲಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಗೃಹಸ್ಥ. ಮೂವತ್ತು ದಾಟಿದ್ದ, ಎರಡು ಮಕ್ಕಳ ತಂದೆ. ಹಳೆಯ ಟೂ-ಸ್ಟ್ರೋಕ್ ಬೈಕನ್ನು ಸಾಣೆ ಹಿಡಿದಂತೆ ಮಾಡಿ ತಂದಿದ್ದ. ಆದರೆ ತಲೆಗೆ ರಸ್ತೆಬದಿಯ ಅರ್ಧ ಹೆಲ್ಮೆಟ್, ಕಾಲಿಗೆ ಕ್ಯಾನ್ವಾಸ್ ಬೂಟು.

"ಜಾಕೆಟ್ ಯಾಕ್ರಿ ಸರ? ಈ ಬಿಸಲಾಗ ಬೆಂದು ಸಾಯ್ತೀನಿ."

"ಡಾಂಬರ್ ಮ್ಯಾಲೆ ಜಾರಿದ್ರ ನಿನ್ನ ತೊಗಲು ಹೋಗಬಾರದು, ಅದರ ತೊಗಲು ಹೋಗಬೇಕು. ಅದಕ್ಕ."

"ನಾ ಬೀಳಂಗಿಲ್ರಿ."

ನಾನು ಅವನ ಬೈಕನ್ನು ಸ್ಟ್ಯಾಂಡಿಗೆ ಹಾಕಿ ಚಾಲೂ ಮಾಡಿ ಆಕ್ಸಿಲರೇಟರ್ ಪೂರ್ತಿ ತಿರುವಿ ಕೈಬಿಟ್ಟೆ. ಎಂಜಿನ್ ಕಿರುಚುತ್ತಲೇ ಇತ್ತು. ಕೇಬಲ್ ಎಲ್ಲೋ ಸಿಕ್ಕಿಕೊಂಡಿತ್ತು. ಅವನ ಮುಖದ ನಗು ಇಳಿಯಿತು. ಸ್ವಿಚ್ ಆರಿಸಿ ಕೇಳಿದೆ, "ಗೆರಿ ದಾಟಿದ ಮ್ಯಾಲೆ ಹಿಂಗಾದ್ರ?"

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದ. ಕೇಬಲ್ ಹೊಸದು, ಬೋಲ್ಟಿಗೆ ತಂತಿ, ಬಳ್ಳಾರಿಯಿಂದ ತಂದ ಹೆಲ್ಮೆಟ್. ಜಾಕೆಟನ್ನು ಯಾರೋ ಪರಿಚಯದವರಿಂದ ಎರವಲು ತಂದಿದ್ದ. ತೋಳು ಮೊಳಕೈಯಿಂದ ಸ್ವಲ್ಪ ಕೆಳಗೆ ಬರುತ್ತಿತ್ತು. ಅದನ್ನು ನಾನು ಒಪ್ಪಲಿಲ್ಲ. ಅವನು ಬಯ್ಯುತ್ತಾ ಹೋಗಿ ಸಂಜೆಯೊಳಗೆ ಬೇರೆ ಜಾಕೆಟ್ ಹಾಕಿಕೊಂಡು ಬಂದ. ಪಾಸಿನ ಸ್ಟಿಕ್ಕರ್ ಅಂಟಿಸಿ ಸಹಿ ಹಾಕಿದೆ. ಆಮೇಲೆ ಅವನು ಮನೆಗೆ ಹೋಗದೆ ಸಾಲಿನಲ್ಲಿ ನಿಂತವರ ಗಾಡಿಗಳನ್ನು ಸುತ್ತುತ್ತಾ, "ಲೇ, ದಾರ ಎಲ್ಲೈತಿ? ದಾರ ಇಲ್ದ ಆ ಸರ ಹತ್ರ ಹೋಗಬ್ಯಾಡ, ಮಾರೀನೂ ನೋಡ್ದ ವಾಪಸ್ ಕಳಿಸ್ತಾರ," ಎಂದು ಎಚ್ಚರಿಸುತ್ತಿದ್ದ. ನನಗೆ ನಗು ಬಂತು.

ಅದೇ ದಿನ ಸಾವುಕಾರರ ಅಣ್ಣನ ಮಗನೂ ಬಂದ. ವಿದೇಶದ ಬೈಕು, ಕಾಲಿಗೆ ಚಪ್ಪಲಿ. ಚೈನಿನ ಕವಚ ಕಿತ್ತು ಬಿಸಾಕಿದ್ದ. ಆಗಲ್ಲ ಎಂದೆ. ಅವನು ನೇರವಾಗಿ ಚಿಕ್ಕಪ್ಪನಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. ಸಾವುಕಾರರು ಆ ಕಡೆಯಿಂದ ನಕ್ಕರು. "ಅವನಿಗೆ ಬ್ಯಾರೆ ರೂಲ್ ಐತೇನ್ರಿ? ಕಳಿಸ್ರಿ ಮನಿಗೆ." ಹುಡುಗ ಹೋದ, ಎಲ್ಲವನ್ನೂ ಸರಿಮಾಡಿಕೊಂಡು ಮರುದಿನ ಶೋರೂಮಿಗೇ ಬಂದು ತೋರಿಸಿದ. ಈ ಓಟ ಸರಿಯಾಗಿ ನಡೆಯುತ್ತದೆ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಆವತ್ತು.

ಓಟದ ದಿನ ಬೆಳಗಿನ ಜಾವವೇ ಟ್ಯಾಂಕರ್ ತರಿಸಿ ಇಡೀ ರಸ್ತೆಯನ್ನು ತೊಳೆಸಿದೆ. ಅದಿರಿನ ದೂಳು ಬರಿಯ ಮಣ್ಣಲ್ಲ. ನುಣ್ಣಗೆ, ಭಾರವಾಗಿ, ಡಾಂಬರಿನ ಮೇಲೆ ರವೆ ಚೆಲ್ಲಿದಂತೆ ಕೂರುತ್ತದೆ. ಅದರ ಮೇಲೆ ಚಕ್ರಕ್ಕೆ ಹಿಡಿತ ಇರುವುದಿಲ್ಲ. ಕೊನೆಯ ಮೋರಿಗೆ ಮೊದಲು ಮರಳು ತುಂಬಿದ ಡ್ರಮ್ಮುಗಳನ್ನು ನಿಲ್ಲಿಸಿ, ಅವುಗಳ ಮುಂದೆ ಕಂಪ್ಲಿಯಿಂದ ತರಿಸಿದ ಭತ್ತದ ಹುಲ್ಲಿನ ಪಿಂಡಿಗಳನ್ನು ಒಟ್ಟಿಸಿದೆ. ಹೊಸಪೇಟೆಯ ಖಾಸಗಿ ಆಸ್ಪತ್ರೆಯೊಂದರ ಆಂಬುಲೆನ್ಸ್ ಬಂದು ನೆರಳಲ್ಲಿ ನಿಂತಿತು. ಮಧ್ಯಾಹ್ನದವರೆಗೆ ಅಭ್ಯಾಸದ ಓಟಗಳು ನಡೆದವು. ಒಬ್ಬನಿಗೂ ತರಚು ಗಾಯವಾಗಲಿಲ್ಲ. ಜನ ಲಾರಿಗಳ ಮೇಲೆ, ಬಂಡೆಗಳ ಮೇಲೆ ಹತ್ತಿ ಕೂತಿದ್ದರು. ವೆಲ್ಡಿಂಗ್ ಅಂಗಡಿಯವನನ್ನು ನೋಡಲು ಕಂಪ್ಲಿಯಿಂದ ಒಂದು ಟ್ರ್ಯಾಕ್ಟರ್ ತುಂಬ ಮಂದಿ ಬಂದಿದ್ದರು.

ಊಟದ ಹೊತ್ತಿಗೆ ಗಾಳಿ ಎದ್ದಿತು. ಗುಡ್ಡದ ಕಡೆಯಿಂದ ಕೆಂಪು ದೂಳು ತೆರೆತೆರೆಯಾಗಿ ಬಂದು ರಸ್ತೆಯ ಮೇಲೆ ಕೂತಿತು. ನಿಲ್ಲುವ ಹಾದಿಯಲ್ಲಿ ನಡೆದು ನೋಡಿದೆ, ಬೂಟು ಜಾರಿತು. ಟ್ಯಾಂಕರ್ ಎಲ್ಲೆಂದು ಹುಡುಕಿದರೆ, ಮುಖ್ಯ ಅತಿಥಿಗಳು ಬರುತ್ತಾರೆಂದು ಪೆಂಡಾಲಿನ ಮುಂದೆ ದೂಳು ಏಳದಂತೆ ನೀರು ಹೊಡೆಯುತ್ತಿತ್ತು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ನೀರು ಮುಗಿದಿತ್ತು.

ಅಷ್ಟರಲ್ಲೇ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಒಂದು ಟೆಂಪೋಗೆ ಗುದ್ದಿತೆಂದು ಸುದ್ದಿ ಬಂತು. ಆಂಬುಲೆನ್ಸಿನವರು ನನ್ನ ಹತ್ತಿರ ಬಂದು, "ಹೋಗ್ಬೇಕ್ರಿ ಸರ, ಭಾಳ ಮಂದಿಗೆ ಪೆಟ್ಟಾಗೈತಂತ," ಎಂದರು. ಹೋಗಿ ಎಂದೆ. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಅದು ತಿರುಗಿ ಬರುವವರೆಗೆ ಓಟ ನಿಲ್ಲಿಸಿ, ಅಷ್ಟರಲ್ಲಿ ಟ್ಯಾಂಕರಿಗೆ ನೀರು ತುಂಬಿಸಿ ತಂದು ರಸ್ತೆ ತೊಳೆದರೆ ಆಯಿತು. ಇದನ್ನು ಹೇಳಲು ಪೆಂಡಾಲಿಗೆ ಹೋದೆ. ಮುಖ್ಯ ಅತಿಥಿಗಳು ಆಗಲೇ ಬಂದು ಕೂತಿದ್ದರು. ಸಾವುಕಾರರು ನನ್ನನ್ನು ಪಕ್ಕಕ್ಕೆ ಕರೆದರು.

"ಅವ್ರು ಜಲ್ದಿ ಹೋಗ್ಬೇಕಂತ. ಈಗ ಶುರು ಮಾಡಬೇಕು."

"ಆಂಬುಲೆನ್ಸ್ ಇಲ್ರಿ ಸಾವ್ಕಾರ್ರ. ರಸ್ತೇನೂ ತೊಳಿಬೇಕು."

"ನನ್ನ ಜೀಪ್ ಐತಲ್ರಿ. ಅದರಾಗ ಒಂದ್ ಗಾದಿ ಹಾಕ್ಸಿದ್ರ ಅದೂ ಆಂಬುಲೆನ್ಸ."

"ರೂಲ್ ನೀವೂ ಕೇಳೀರಿ. ಬರೋಬ್ಬರಿ ಐತಿ ಅಂದ್ರಿ."

ಅವರ ಮುಖ ಬದಲಾಯಿತು. ದನಿ ಏರಿಸಲಿಲ್ಲ. "ನಿನ್ನ ಕೆಲಸ ಗಾಡಿ ನೋಡೋದು. ನೋಡಿ ಆತು. ಇನ್ನ ಸುಮ್ಮ ಕುಂದ್ರು." ಇಷ್ಟು ದಿನ ಸರ, ನೀವು ಎನ್ನುತ್ತಿದ್ದ ಬಾಯಿಂದ ಬಂದ ಆ 'ನಿನ್ನ' ಎಂಬ ಮಾತಿಗೆ ಪಕ್ಕದಲ್ಲಿದ್ದವರು ತಲೆ ತಗ್ಗಿಸಿದರು.

ನಾನು ಸುಮ್ಮನೆ ಕೂರಲಿಲ್ಲ. ಓಟದ ಗೆರೆಯ ಹತ್ತಿರ ಹೋಗಿ ಎರಡೂ ಬೈಕುಗಳ ಮುಂದೆ ರಸ್ತೆಯ ನಡುವೆ ನಿಂತೆ. ಓಟ ಇಲ್ಲ, ಆಂಬುಲೆನ್ಸ್ ಬರುವವರೆಗೆ ಎಲ್ಲರೂ ಎಂಜಿನ್ ಆರಿಸಿ ಎಂದು ಕೂಗಿ ಹೇಳಿದೆ. ಸವಾರರಾದರೂ ನನ್ನ ಕಡೆ ನಿಲ್ಲುತ್ತಾರೆಂದು ಎಣಿಸಿದ್ದೆ. ಅವರ ಹೆಲ್ಮೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದವನು ನಾನು. ಮೊದಲ ಶಿಳ್ಳೆ ಬಂದದ್ದು ಅವರ ಸಾಲಿನಿಂದಲೇ. ಆಮೇಲೆ ಹಾರ್ನು. ಹೆಚ್ಚುಕಡಿಮೆ ಎಲ್ಲರೂ ಒಟ್ಟಿಗೆ ಹಾರ್ನ್ ಒತ್ತಿದರು. "ಸರೀರಿ ಆಚಿಗೆ!" "ಮುದಿಯಾ, ಮನಿಗ್ ಹೋಗೋ!" ನನಗೆ ಆಗ ನಲವತ್ತೊಂದು ವರ್ಷ. ಲಾರಿಗಳ ಮೇಲಿದ್ದ ಜನ ಚಪ್ಪಾಳೆ ತಟ್ಟಿ ನಗುತ್ತಿದ್ದರು.

ಕಂಪ್ಲಿಯವನು ಸಾಲಿನಲ್ಲಿ ಮುಂದೆಯೇ ಇದ್ದ. ಅವನು ಹಾರ್ನ್ ಒತ್ತಲಿಲ್ಲ. ಹತ್ತಿರ ಹೋಗಿ ಹೇಳಿದೆ, "ನೀ ಒಬ್ಬವ ಆದ್ರೂ ಹಿಂದ ಸರಿ. ರಸ್ತಿ ಮ್ಯಾಲೆ ದೂಳು ಕುಂತೈತಿ. ನಿಲ್ಲಂಗಿಲ್ಲ."

ಅವನು ಹೆಲ್ಮೆಟ್ಟಿನ ಗಾಜು ಎತ್ತಿದ. ಬೆವರು ಸುರಿಯುತ್ತಿತ್ತು. "ಗೊತ್ರಿ ಸರ. ಖರೇನ ಐತಿ ನಿಮ್ ಮಾತು. ಆದ್ರ ಅಷ್ಟ್ ಮಂದಿ ಬಂದಾರ. ನಾ ಒಬ್ಬನ ಸರಿದ್ರ ಕಂಪ್ಲ್ಯಾಗ ಮಾರಿ ಹೆಂಗ್ ತೋರಿಸ್ಲಿ? ಒಂದ್ ಸಲ ಓಡಿಸಿ ಬರ್ತೀನಿ, ತಡೀರಿ. ಬ್ರೇಕ್ ಮೆಲ್ಲಕ ಹಿಡಿತೀನಿ."

ಅಷ್ಟರಲ್ಲಿ ಸಾವುಕಾರರ ಇಬ್ಬರು ಆಳುಗಳು ಬಂದು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೊಯ್ದರು. ಹೊಡೆಯಲಿಲ್ಲ. "ಬರ್ರಿ ಸರ, ಬರ್ರಿ, ಬಿಸಲೈತಿ," ಎನ್ನುತ್ತಾ ಮರ್ಯಾದೆಯಿಂದಲೇ ಎಳೆದರು. ಹಸಿರು ದೀಪ ಹೊತ್ತಿಸುವ ಗುಂಡಿಯ ಹತ್ತಿರ ಸಾವುಕಾರರ ಅಣ್ಣನ ಮಗ ಹೋಗಿ ಕೂತ.

ಮೊದಲ ಜೋಡಿ ಓಡಿತು. ಏನೂ ಆಗಲಿಲ್ಲ. ಎರಡನೆಯದೂ ಹಾಗೆಯೇ. ನನ್ನನ್ನು ಹಿಡಿದಿದ್ದವನು, "ನೋಡ್ರಿ, ಏನಾತು? ಸುಮ್ಮ ಹೆದ್ರಿದ್ರಿ," ಎಂದು ರಟ್ಟೆ ಬಿಟ್ಟ. ಮೂರನೆಯ ಜೋಡಿಯಲ್ಲಿ ಕಂಪ್ಲಿಯವನಿದ್ದ. ಅವನು ಚೆನ್ನಾಗಿ ಓಡಿಸಿದ. ಪಕ್ಕದವನಿಗಿಂತ ಬಹಳ ಮುಂದೆ ಗೆರೆ ದಾಟಿದ. ಟ್ರ್ಯಾಕ್ಟರಿನ ಮಂದಿ ಎದ್ದು ನಿಂತು ಕೂಗಿದರು. ಹೇಳಿದಂತೆ ಬ್ರೇಕನ್ನು ಮೆಲ್ಲಗೇ ಹಿಡಿದಿರಬೇಕು, ಏಕೆಂದರೆ ಬಹಳ ದೂರದವರೆಗೆ ಗಾಡಿ ನೆಟ್ಟಗೇ ಇತ್ತು. ಆಮೇಲೆ ಮುಂದಿನ ಚಕ್ರ ದೂಳಿನಲ್ಲಿ ಪಕ್ಕಕ್ಕೆ ಹೊರಳಿತು. ಎಂಜಿನ್ ತಟ್ಟನೆ ನಿಂತಿತು. ದಾರ ಕೆಲಸ ಮಾಡಿತ್ತು. ಆ ನಿಶ್ಶಬ್ದದಲ್ಲಿ ಗಾಡಿಯೂ ಅವನೂ ಕೂಡಿಯೇ ಜಾರುತ್ತಾ ಹೋಗಿ ಹುಲ್ಲಿನ ಪಿಂಡಿಗಳ ಸಂದಿನಲ್ಲಿ ತೂರಿ ಡ್ರಮ್ಮಿಗೆ ಬಡಿದದ್ದು ಇಷ್ಟು ದೂರಕ್ಕೆ ಕೇಳಿಸಿತು.

ನಾನು ಓಡಿಹೋದಾಗ ಅವನಿಗೆ ಎಚ್ಚರವಿತ್ತು. ತಲೆಗೆ ಏನೂ ಆಗಿರಲಿಲ್ಲ, ಜಾಕೆಟ್ ಚಿಂದಿಯಾಗಿದ್ದರೂ ಮೈ ಚರ್ಮ ಹಾಗೆಯೇ ಇತ್ತು. ಬಲಗಾಲು ಮಾತ್ರ ಬೈಕಿಗೂ ಡ್ರಮ್ಮಿಗೂ ನಡುವೆ ಸಿಕ್ಕು ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು. ಬೆಲ್ಟು ಬಿಚ್ಚಿ ತೊಡೆಗೆ ಬಿಗಿದೆ. ಸ್ಟ್ರೆಚರ್ ಇಲ್ಲ, ಕಾಲಿಗೆ ಆಸರೆ ಕಟ್ಟಲು ಪಟ್ಟಿ ಇಲ್ಲ. ಎಲ್ಲವೂ ಆಂಬುಲೆನ್ಸಿನಲ್ಲಿ ಹೋಗಿದ್ದವು. ನಾಲ್ಕು ಜನ ಕೈಮೇಲೆ ಎತ್ತಿ ಜೀಪಿನಲ್ಲಿ ಮಲಗಿಸುವಾಗ ಅವನು ಕಿರುಚಿದ್ದನ್ನು ನಾನು ಇಲ್ಲಿ ಬರೆಯಲಾರೆ. ಗಾದಿ ಯಾರೂ ಹಾಕಿಸಿರಲಿಲ್ಲ.

ಮುಖ್ಯರಸ್ತೆಗೆ ಬಂದರೆ ಅಪಘಾತದಿಂದಾಗಿ ಲಾರಿಗಳು ಎರಡೂ ಕಡೆ ಕಣ್ಣು ಹಾಯುವವರೆಗೆ ನಿಂತಿದ್ದವು. ಜೀಪಿಗೆ ಸೈರನ್ ಇಲ್ಲ, ಯಾರೂ ದಾರಿ ಬಿಡಲಿಲ್ಲ. ನಾನು ಇಳಿದು ಮುಂದೆ ಓಡುತ್ತಾ ಲಾರಿಯವರಿಗೆ ಕೈಮುಗಿದು ಮುಗಿದು ಜೀಪು ಸಾಗಿಸಿದೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ನೋಡಿ ಬಳ್ಳಾರಿಗೆ ಕಳಿಸಿದರು. ಅಲ್ಲಿ ಕಾಲು ತೆಗೆದರು. "ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು," ಎಂದರು ಡಾಕ್ಟರು. ನಾವು ಓಟದ ಜಾಗ ಬಿಟ್ಟು ಹೊರಟ ಸ್ವಲ್ಪ ಹೊತ್ತಿಗೇ ಆಂಬುಲೆನ್ಸ್ ಹಿಂದಿನ ಹಾದಿಯಿಂದ ಅಲ್ಲಿಗೆ ವಾಪಸ್ ಬಂದಿತ್ತೆಂದು ಆಮೇಲೆ ತಿಳಿಯಿತು. ಉಳಿದ ಓಟಗಳನ್ನು ಅದರ ಸಮಕ್ಷಮದಲ್ಲೇ ಮುಗಿಸಿದರಂತೆ.

ಪೊಲೀಸರು ಕೇಸು ಹಾಕಿಕೊಂಡರು. ಬೈಕನ್ನು ತಜ್ಞರು ನೋಡಿ, ಎಲ್ಲ ಸರಿಯಿದೆ ಎಂದರು. ಸಾವುಕಾರರ ವಕೀಲರು ನನ್ನ ನಿಯಮಗಳ ಕೊನೆಗೆ ನನಗೆ ತಿಳಿಸದೆ ಒಂದು ಸಾಲು ಸೇರಿಸಿ ಎಲ್ಲರಿಂದ ಸಹಿ ಹಾಕಿಸಿದ್ದರು: ಏನೇ ಆದರೂ ಸವಾರನೇ ಹೊಣೆ. ಅಷ್ಟೂ ನಿಯಮಗಳಲ್ಲಿ ಕೊನೆಯವರೆಗೆ ತಪ್ಪದೆ ಪಾಲಿಸಿದ್ದು ಅದೊಂದನ್ನೇ. ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡ ಎಸ್‌ಐ ಪೆನ್ನು ಕೆಳಗಿಟ್ಟು ಹೇಳಿದರು: "ಆಂಬುಲೆನ್ಸ್ ಇತ್ತು ಅಂತ ಎಲ್ಲಾರೂ ಹೇಳಾಕತ್ತಾರ್ರಿ. ಇರಲಿಲ್ಲ ಅನ್ನಾವ್ರು ನೀವೊಬ್ರ."

ಬಿದ್ದವನೇ ಹೇಳಬೇಕು ಎಂದುಕೊಂಡು ಕಂಪ್ಲಿಗೆ ಹೋದೆ. ಅಂಗಡಿಗೆ ಬೀಗ ಹಾಕಿತ್ತು. ಮನೆ ಹಿಂದೆಯೇ. ಅವನು ಕಟ್ಟೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಹೆಂಡತಿ ಚಹಾ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಬಂದ ಕಾರಣ ಹೇಳಿದೆ.

"ಪೊಲೀಸ್ರು ಬಂದಿದ್ರಿ," ಎಂದ. "ಆಂಬುಲೆನ್ಸ್ ಇತ್ತು ಅಂತ ಬರಸೀನಿ."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅವನ ಮುಖ ನೋಡಿದೆ.

"ಹಂಗ್ ನೋಡಬ್ಯಾಡ್ರಿ. ದವಾಖಾನಿದು ಎಲ್ಲಾ ಸಾವ್ಕಾರ್ರ ನೋಡ್ಕೊಂಡಾರ. ಕಾಲ್ ಕಟ್ಟಸ್ತೀನಿ ಅಂದಾರ, ಜೈಪುರದ ಪುಕಟ್ಟೆ ಕಾಲಲ್ಲ, ಚಲೋದು. ಅಂಗಡಿಗೆ ಯಾರ್ಡಿನ ಕೆಲಸ ಕೊಡ್ತೀನಿ ಅಂದಾರ." ಚಹಾದ ಲೋಟ ನನ್ನ ಕಡೆ ಸರಿಸಿದ. "ನಿಮ್ ಮಾತು ಖರೆ ಅಂತ ಬರಸ್ತೀನಿ ಅಂತ ತಿಳ್ಕೋರಿ. ನಿಮ್ ರೂಲ್ಸ್ ನನಗ ಕಾಲ್ ಕಟ್ಟಸ್ತಾವೇನ?"

"ಅವ್ರು ಮುಂದಿನ ವರ್ಷ ಇನ್ನೊಬ್ರ ಕಾಲು ತಗೀತಾರ," ಎಂದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೊದಲ ಸಲ ಮಾತಾಡಿದಳು. "ಅಣ್ಣಾ, ಆವತ್ತು ನೀವು ಇವ್ರನ್ನ ಪಾಸ್ ಮಾಡದ ಇದ್ರ ಆಗ್ತಿತ್ತು. ಏನಾರ ಒಂದ್ ತಪ್ಪು ಹೇಳಿ ಕಳಿಸಬೇಕಿತ್ತು."

ಗಾಡಿ ಸರಿಯಾಗಿತ್ತಮ್ಮ ಎಂದು ಹೇಳಲು ಬಾಯಿ ತೆರೆದೆ. ಅದು ಅವಳಿಗೆ ಹೇಳುವ ಮಾತಾಗಿರಲಿಲ್ಲ. ಚಹಾ ಕುಡಿದು ಎದ್ದೆ.

ಠಾಣೆಯಿಂದ ಮತ್ತೊಮ್ಮೆ ಕರೆ ಬಂತು. ಹೇಳಿಕೆ ಬದಲಿಸುತ್ತೀರಾ ಎಂದು ಕೇಳಿದರು. ಬದಲಿಸಿದರೆ ಸುಳ್ಳು ಪೂರ್ತಿಯಾಗುತ್ತದೆ. ಬದಲಿಸದಿದ್ದರೆ, ನನ್ನ ಮಾತನ್ನು ಯಾರಾದರೂ ನಂಬಿಬಿಟ್ಟರೆ, ಕಂಪ್ಲಿಯವನು ಸುಳ್ಳುಗಾರನಾಗುತ್ತಾನೆ, ಅವನಿಗೆ ಸಿಗಬೇಕಾದ ಕೃತಕ ಕಾಲೂ ತಪ್ಪುತ್ತದೆ. ನಾನು ಬದಲಿಸಲಿಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ, ಯಾರೂ ನಂಬಲೂ ಇಲ್ಲ. ಸವಾರನ ಅಜಾಗರೂಕತೆ ಎಂದು ಬರೆದು ಕೇಸು ಮುಚ್ಚಿದರು. ಸಾವುಕಾರರ ಲಾರಿಗಳ ಡ್ರೈವರುಗಳೆಲ್ಲ ನಮ್ಮ ಶೋರೂಮಿನ ಗಿರಾಕಿಗಳು. ಶೋರೂಮಿನ ಮಾಲೀಕರು ನನ್ನನ್ನು ಕರೆದು, ಸ್ವಲ್ಪ ದಿನ ಬರಬೇಡಿ ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ನಾನು ಬಸ್ ಸ್ಟ್ಯಾಂಡಿನ ಹಿಂದೆ ಸಣ್ಣ ಗ್ಯಾರೇಜು ಹಾಕಿಕೊಂಡೆ.

ಬಹಳ ತಿಂಗಳ ನಂತರ ಅವನನ್ನು ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಕಂಡೆ. ಕೈಯಲ್ಲಿ ವೆಲ್ಡಿಂಗ್ ಕಡ್ಡಿಗಳ ಪೊಟ್ಟಣ ಹಿಡಿದು ಎದುರಿನಿಂದ ನಡೆದು ಬರುತ್ತಿದ್ದ. ನನ್ನ ಕಣ್ಣು ಅಭ್ಯಾಸಬಲದಿಂದ ಅವನ ಮುಖಕ್ಕಿಂತ ಮೊದಲು ಕಾಲಿನ ಕಡೆ ಹೋಯಿತು. ಒಳ್ಳೆಯ ಕೆಲಸ. ಕೀಲು ಸರಿಯಾಗಿ ಕೂತಿತ್ತು, ಎತ್ತರ ಸಮನಾಗಿತ್ತು, ಹೆಜ್ಜೆ ಊರುವಾಗ ಎಳೆತ ಇರಲಿಲ್ಲ. ಗೊತ್ತಿಲ್ಲದವರಿಗೆ ತಿಳಿಯುತ್ತಲೇ ಇರಲಿಲ್ಲ. ಸಾವುಕಾರರು ಕೊಟ್ಟ ಮಾತು ನಡೆಸಿದ್ದರು. ತಲೆ ಎತ್ತಿದಾಗ ಅವನು ನನ್ನನ್ನೇ ನೋಡುತ್ತಿದ್ದ. ನಾನು ಕೈ ಎತ್ತಿದೆ. ಅವನು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ರಸ್ತೆ ದಾಟಿ ಆಚೆ ಬದಿಗೆ ಹೋದ.